ಸೋಮವಾರದಿಂದ ಖಂಡಿತ

ನಮ್ಮ ಮನೆಯಲ್ಲಿ ನನ್ನ ಹೆಸರಿಗೆ ಸೋಮವಾರ ಅಂಟಿಕೊಂಡುಬಿಟ್ಟಿದೆ. ಸೋಮವಾರದ ಉಪವಾಸವನ್ನೇನೂ ನಾನು ಮಾಡುವುದಿಲ್ಲ. ‘ಸೋಮವಾರದಿಂದ ಖಂಡಿತ ವಾಕಿಂಗ್ ಶುರು’ ಎಂದು ಘೋಷಿಸುವುದೇ ನನ್ನ ವ್ರತ. “ಯಾವ ಸೋಮವಾರ ಅಂತ ಹೇಳೇ, ಕ್ಯಾಲೆಂಡರಿನಲ್ಲಿ ಗುರುತು ಹಾಕ್ತೀನಿ” ಎಂದು ನಮ್ಮವರು ಕಿಚಾಯಿಸುತ್ತಾರೆ.

ಇದೆಲ್ಲ ಶುರುವಾದದ್ದು ಒಂದು ರಕ್ತಪರೀಕ್ಷೆಯ ಚೀಟಿಯಿಂದ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ ನನಗೆ 6.3 ಬಂದಿತ್ತು. 5.7ರಿಂದ 6.4ರವರೆಗೆ ಹೊಸ್ತಿಲು, 6.5 ಆದರೆ ಒಳಗೆ ಕಾಲಿಟ್ಟಂತೆ. ನನ್ನ ಅಮ್ಮ ಆ ಹೊಸ್ತಿಲನ್ನು ಗೊತ್ತೇ ಆಗದೆ ದಾಟಿದವಳು. ಕಾಲಿನ ಗಾಯ ಮಾಯದೆ ಕೊನೆಗೆ ಹೆಬ್ಬೆರಳನ್ನೇ ತೆಗೆಯಬೇಕಾಯಿತು. ಆಮೇಲೆ ಯಾರಾದರೂ ಮನೆಗೆ ಬಂದರೆ ಸಾಕು, ಅವಳು ಸೀರೆಯ ನೆರಿಗೆಯನ್ನು ಪಾದದ ಮೇಲೆ ಎಳೆದುಕೊಳ್ಳುತ್ತಿದ್ದಳು. ಆ ಚೀಟಿ ನೋಡಿದಾಗ ನನಗೆ ಕಂಡದ್ದು ಅಂಕಿಯಲ್ಲ, ಆ ನೆರಿಗೆ.

ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಎಂದರು ಡಾಕ್ಟರು. ನಾನು ಹೊಸ ಶೂ ತಂದೆ. ಮೊದಲ ದಿನವೇ ಒಂದೂವರೆ ಗಂಟೆ ನಡೆದು, ಮೂರನೆಯ ದಿನ ಹಿಮ್ಮಡಿ ನೋವೆಂದು ಮಲಗಿದೆ. ಮುಂದಿನ ಸಲ ಯುಗಾದಿಯಂದು ಹಿಡಿದದ್ದು ನಾದಿನಿಯ ಮಗಳ ಮದುವೆಯ ಲಾಡಿಗೆ ಮುಗಿಯಿತು. ಮೂರನೆಯ ಸಲ ಸತತ ನಲವತ್ತು ದಿನ ನಡೆದು, ಇನ್ನು ನನ್ನನ್ನು ಹಿಡಿಯುವವರಿಲ್ಲ ಎಂದುಕೊಳ್ಳುವಷ್ಟರಲ್ಲಿ ಚಿಕೂನ್‌ಗುನ್ಯ ಹಿಡಿಯಿತು. ಜ್ವರವೇನೋ ವಾರದಲ್ಲಿ ಬಿಟ್ಟಿತು, ಕೀಲುನೋವು ಬಿಡಲು ತಿಂಗಳುಗಳಾದವು. ಲೋಟ ಎತ್ತಲಾರದವಳು ಶೂವಿನ ಲೇಸು ಕಟ್ಟುವುದುಂಟೆ? ಶೂ ಕಪಾಟಿನ ಮೇಲೆ ಹೋಯಿತು. ನೋವು ಹೋದ ಮೇಲೂ ಅದು ಕೆಳಗಿಳಿಯಲಿಲ್ಲ. ನಲವತ್ತು ದಿನ ಮಣ್ಣುಪಾಲಾಯಿತಲ್ಲ ಎಂಬ ಹೊಟ್ಟೆಯುರಿ ಕಾಲುನೋವಿಗಿಂತ ದೊಡ್ಡದಾಗಿತ್ತು.

ಹೀಗಿರುವಾಗ ಸಂಕ್ರಾಂತಿಗೆ ಶಿವಗಂಗೆಗೆ ಹೊರಟೆವು. ನಮ್ಮ ನೆಲಮಂಗಲ ತಾಲ್ಲೂಕಿನದೇ ಬೆಟ್ಟ, ದಾಬಸ್‌ಪೇಟೆಯಿಂದ ಒಳಕ್ಕೆ ಹೋದರಾಯಿತು. ಅಂದು ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಕಲ್ಯಾಣ. ಬೆಟ್ಟದ ತುದಿಯಲ್ಲಿ ಗಂಗೋತ್ಪತ್ತಿ. ಲಿಂಗಕ್ಕೆ ಉಜ್ಜಿದ ತುಪ್ಪ ಬೆಣ್ಣೆಯಾಗುತ್ತದೆಂಬುದು ಭಕ್ತರ ನಂಬಿಕೆ, ನಾವೂ ಅದನ್ನು ಕಣ್ಣಿಗೊತ್ತಿಕೊಂಡೆವು. ಶಿವಗಂಗೆ ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರವಂತೆ. ಅದರಲ್ಲಿ ಬಹುಪಾಲನ್ನು ನಮ್ಮ ಬಯಲುಸೀಮೆಯೇ ಹತ್ತಿಕೊಟ್ಟಿರುತ್ತದೆ. ಉಳಿದದ್ದೇ ನನಗೆ ಕೈಲಾಸವಾಗಿ ಕಂಡಿತು. ಒಳಕಲ್ಲು ತೀರ್ಥಕ್ಕೂ ಮೊದಲೇ ಎದೆ ಡವಗುಟ್ಟತೊಡಗಿತು. ಮಕ್ಕಳು ಮುಂದೆ ಓಡಿದ್ದರು. ಸೌತೆಕಾಯಿ ಮಾರುತ್ತಿದ್ದ ಒಬ್ಬ ಅಜ್ಜಿಯ ಪಕ್ಕ ಕುಸಿದೆ. “ನನ್ನ ಕೈಲಾಗಲ್ಲ ಅಜ್ಜಿ, ಇಳಿದುಬಿಡ್ತೀನಿ” ಎಂದೆ.

ಅಜ್ಜಿ ಸೌತೆಕಾಯಿ ಸೀಳಿ ಉಪ್ಪು ಖಾರ ಸವರುತ್ತಾ, “ಕುಂತ್ಕಳವ್ವ. ಬೆಟ್ಟ ಎಲ್ಲಿಗೂ ಓಡೋಗಾಕಿಲ್ಲ. ಕುಂತೋರು ಎದ್ದು ಇಲ್ಲಿಂದ್ಲೇ ಹತ್ತುತಾರೆ, ಇಳಿದೋದೋರು ತಿರ್ಗಾ ಕೆಳಗಿಂದ ಹತ್ತಬೇಕು” ಎಂದಳು. ಇಷ್ಟು ಹೇಳಿ, ನನ್ನ ಚೀಲದ ಮೇಲೆ ಕಣ್ಣಿಟ್ಟಿದ್ದ ಕೋತಿಯನ್ನು ಕೋಲೆತ್ತಿ ಗದರಿಸಿದಳು. ಉಪದೇಶ ಮಾಡಿದೆನೆಂಬ ಭಾವ ಅವಳಲ್ಲಿರಲಿಲ್ಲ.

ನಾನು ಮಾತ್ರ ಕೂತೇ ಯೋಚಿಸಿದೆ. ಇಷ್ಟು ದಿನ ನಾನು ಮಾಡಿದ್ದೇನು? ದಣಿವಾದಾಗಲೆಲ್ಲ ಇಳಿದುಹೋಗಿ, ಮತ್ತೊಂದು ಸೋಮವಾರಕ್ಕಾಗಿ ಬುಡದಲ್ಲಿ ಕಾಯುತ್ತಿದ್ದೆ. ಜ್ವರ ನನ್ನನ್ನು ಕೂರಿಸಿತ್ತು, ನಿಜ. ಇಳಿಸಿದ್ದು ಜ್ವರವಲ್ಲ, ನಾನೇ. ಎದ್ದು ಒಳಕಲ್ಲಿನವರೆಗೆ ಹೋಗಿ ಕೈ ಹಾಕಿದೆ. ನೀರು ಸಿಕ್ಕಿದವರು ಪುಣ್ಯವಂತರಂತೆ. ಬೆರಳ ತುದಿಗೆ ತಣ್ಣಗೆ ತಾಗಿತು. ಅಂದು ಅಲ್ಲಿಂದಲೇ ಹಿಂದಿರುಗಿದೆ.

ಮಾರನೆಯ ದಿನ ಶೂ ಇಳಿಸಿದೆ. ನಡೆದದ್ದು ಹತ್ತೇ ನಿಮಿಷ. ಈಗ ಕ್ಯಾಲೆಂಡರಿನಲ್ಲಿ ನಡೆದ ದಿನಕ್ಕೆ ಒಂದು ಗೆರೆ, ತಪ್ಪಿದ ದಿನಕ್ಕೆ ಒಂದು ಸೊನ್ನೆ. ಸೊನ್ನೆ ಎಂದರೆ ಸೋತದ್ದಲ್ಲ, ಕೂತದ್ದು. ನೆಂಟರು ಬಂದಾಗ, ಮುಟ್ಟಿನ ಹೊಟ್ಟೆನೋವಿನಲ್ಲಿ, ಅತ್ತೆಯವರನ್ನು ಆಸ್ಪತ್ರೆಗೆ ಸೇರಿಸಿದಾಗ ಸಾಲುಸಾಲಾಗಿ ಸೊನ್ನೆಗಳು ಬಿದ್ದಿವೆ. ಹೆಂಗಸರ ಕ್ಯಾಲೆಂಡರಿನಲ್ಲಿ ಸೊನ್ನೆ ಬೀಳದಿರುತ್ತದೆಯೇ, ನೀವೇ ಹೇಳಿ! ಆದರೆ ಸೊನ್ನೆಯ ಮರುದಿನ ಯಾವ ವಾರವಾದರೂ ಸರಿ, ಹತ್ತು ನಿಮಿಷವಾದರೂ ನಡೆಯುತ್ತೇನೆ.

ಮೊನ್ನೆಯ ಪರೀಕ್ಷೆಯಲ್ಲಿ 6.0 ಬಂತು. ಇನ್ನೂ ಹೊಸ್ತಿಲ ಮೇಲೇ ಇದ್ದೇನೆ, ಮುಖ ಮಾತ್ರ ಹೊರಗಿದೆ. ಈ ಸಲ ಬೆಟ್ಟದಲ್ಲಿ ಕಬ್ಬಿಣದ ಕಂಬಿ ಹಿಡಿದು, ಎಷ್ಟು ಕಡೆ ಕೂತೆನೋ ಲೆಕ್ಕವಿಲ್ಲ, ಅಂತೂ ನಂದಿಯವರೆಗೆ ಹತ್ತಿದೆ. ಗಾಳಿ ಸೆರಗನ್ನು ಹಾರಿಸಿತು. ಬಗ್ಗಿ ನನ್ನ ಪಾದಗಳನ್ನು ನೋಡಿಕೊಂಡೆ. ಹತ್ತೂ ಬೆರಳಿದ್ದವು.

ಅತ್ತೆಯವರ ಆರೈಕೆಯಲ್ಲಿ ಎಂಟು ದಿನ ತಪ್ಪಿಹೋಗಿ, ನಿನ್ನೆ ಮತ್ತೆ ಲೇಸು ಕಟ್ಟುತ್ತಿದ್ದೆ. “ಇವತ್ತು ಗುರುವಾರ ಕಣೇ” ಎಂದರು ನಮ್ಮವರು.

“ಗೊತ್ತು ರೀ, ಬಾಗಿಲು ಹಾಕಿಕೊಳ್ಳಿ” ಎಂದು ಹೊರಟೆ.