ಗುಡ್ಡನಾಡಿನ ದನ, ನಮ್ಮ ಕೊಟ್ಟಿಗೆಯ ಕರು

ಸ್ಕಾಟ್ಲೆಂಡಿಗೆ ಹೋಗಿಬಂದವರು ಸಾಮಾನ್ಯವಾಗಿ ಕೋಟೆ ಕೊತ್ತಲಗಳ ಚಿತ್ರಗಳನ್ನು ತರುತ್ತಾರೆ. ನಾನು ತಂದದ್ದು ದನಗಳ ಚಿತ್ರಗಳನ್ನು. 2023ರ ಬೇಸಗೆಯಲ್ಲಿ ಗ್ಲಾಸ್ಗೋ ನಗರದ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದೆ. ಅಲ್ಲಿಯ ಪೊಲ್ಲಕ್ ಉದ್ಯಾನದಲ್ಲಿ ‘ಹೈಲ್ಯಾಂಡ್’ ತಳಿಯ ದನಗಳ ಹಿಂಡೊಂದನ್ನು ಸಾಕಿದ್ದಾರೆ. ಬೆಳಗಿನ ನಡಿಗೆಗೆ ಹೋದಾಗಲೆಲ್ಲ ಅವುಗಳ ಬೇಲಿಯ ಬಳಿ ನಿಲ್ಲುವುದು ನನ್ನ ರೂಢಿಯಾಯಿತು. ಕೆಂಚುಬಣ್ಣದ ಉದ್ದ ಕೂದಲು ಹಣೆಯಿಂದಿಳಿದು ಕಣ್ಣುಗಳನ್ನೇ ಮುಚ್ಚಿರುತ್ತದೆ. ಹಸುವಿಗೂ ಹೋರಿಗೂ ಅಗಲವಾಗಿ ಚಾಚಿದ ಕೊಂಬುಗಳು. ಗಿಡ್ಡ ಕಾಲು, ಅವಸರವಿಲ್ಲದ ನಡೆ. ಆದಿನಾಥ ಸ್ವಾಮಿಯ ಪೀಠದಲ್ಲಿ ವೃಷಭಲಾಂಛನವನ್ನು ಬಾಲ್ಯದಿಂದ ಕಂಡವನಿಗೆ ಆ ಸೌಮ್ಯ ಮುಖಗಳು ಪರಕೀಯವೆನಿಸಲಿಲ್ಲ. ಕೈಮುಗಿಯುವುದೊಂದು ಬಾಕಿಯಿತ್ತು. ಇದು ಮಾಂಸಕ್ಕೆಂದೇ ಹೆಸರಾದ ತಳಿಯೆಂದು ಮಗಳು ಹೇಳಿದ್ದು ನಾಲ್ಕನೆಯ ದಿನ.

ಆಮೇಲೆ ಆ ತಳಿಯ ಚರಿತ್ರೆಯನ್ನು ಓದತೊಡಗಿದೆ. ಗೇಲಿಕ್ ಭಾಷೆಯನ್ನಾಡುತ್ತಿದ್ದ ಬಡ ಬೆಟ್ಟಗರ ಆಸ್ತಿಯೆಂದರೆ ಈ ದನಗಳೇ. ಅವುಗಳಿಗೆ ಹೊರಗೆ ಜಿಡ್ಡಿನ ಉದ್ದ ಕೂದಲು, ಅದರೊಳಗೆ ಮೆತ್ತನೆಯ ತುಪ್ಪಳ, ಹೀಗೆ ಎರಡು ಹೊದಿಕೆ. ಮಳೆಯ ನೀರು ಮೇಲಿನಿಂದಲೇ ಜಾರಿ ಹೋಗುವುದರಿಂದ ಹಿಮಗಾಲದಲ್ಲಿಯೂ ಬಯಲಿನಲ್ಲಿಯೇ ಬದುಕುತ್ತವೆ. ಬೇರೆ ದನಗಳು ಮುಟ್ಟದ ಒರಟು ಹುಲ್ಲನ್ನು ಮೇಯುತ್ತವೆ. ಬೇಸಗೆಯಲ್ಲಿ ಹೆಂಗಸರು, ಮಕ್ಕಳು ಹಸುಗಳೊಡನೆ ಎತ್ತರದ ಹುಲ್ಲುಗಾವಲಿಗೆ ಹೋಗಿ, ಗುಡಿಸಲುಗಳಲ್ಲಿದ್ದು, ಬೆಣ್ಣೆ ತೆಗೆಯುತ್ತಿದ್ದರು. ನಮ್ಮ ಘಟ್ಟದ ‘ಮಲೆನಾಡು ಗಿಡ್ಡ’ವನ್ನು ಬಲ್ಲವರಿಗೆ ಈ ಬಾಳು ಅಪರಿಚಿತವಲ್ಲ. ಚಳಿಗಾಲದ ರಾತ್ರಿ ಅವುಗಳನ್ನು ಕಲ್ಲುಗೋಡೆಯ ದೊಡ್ಡಿಗಳಲ್ಲಿ ಕೂಡುತ್ತಿದ್ದರಂತೆ. ಇಂದಿಗೂ ಈ ತಳಿಯ ಹಿಂಡನ್ನು ಅಲ್ಲಿಯವರು ‘ಫೋಲ್ಡ್’, ಅಂದರೆ ದೊಡ್ಡಿ, ಎಂದೇ ಕರೆಯುತ್ತಾರೆ. ಆ ಮಾತನ್ನು ಓದಿದಾಗ ನೇಮಿನಾಥ ಸ್ವಾಮಿಯ ವಿವಾಹದ ಮೆರವಣಿಗೆ ನೆನಪಾಗದಿರಲಿಲ್ಲ. ಅಲ್ಲಿಯೂ ಒಂದು ದೊಡ್ಡಿಯಿತ್ತು.

ದನಗಳೇ ನಗದಾದಾಗ ಅವು ನಡೆಯಬೇಕಾಯಿತು. ಹದಿನೆಂಟನೆಯ ಶತಮಾನದಲ್ಲಿ ಸ್ಕೈ ದ್ವೀಪದ ದನಗಳನ್ನು ಕೈಲ್‌ರಿಯಾ ಎಂಬಲ್ಲಿ ಸಮುದ್ರದ ಕಿರುದಾರಿಯನ್ನು ಈಜಿಸಿ ದಾಟಿಸುತ್ತಿದ್ದರು. ಒಂದರ ದವಡೆಗೆ ಹಗ್ಗ ಬಿಗಿದು ಅದನ್ನು ಮುಂದಿನದರ ಬಾಲಕ್ಕೆ ಕಟ್ಟುವುದು ಅದರ ಕ್ರಮ. ಅಲ್ಲಿಂದ ಬೆಟ್ಟಗಳನ್ನು ಹತ್ತಿಳಿದು ಕ್ರೀಫ್, ಮುಂದೆ ಫಾಲ್ಕರ್ಕ್ ಎಂಬ ಊರುಗಳ ದನದ ಸಂತೆಗೆ. ಇಂಗ್ಲೆಂಡಿನ ಗಟ್ಟಿ ರಸ್ತೆಗಳಲ್ಲಿ ಗೊರಸು ಸವೆಯದಂತೆ ಲಾಳವನ್ನೂ ಹೊಡೆಸುತ್ತಿದ್ದರು. ವಧೆಗೆ ನಡೆಸುವ ಕಾಲಿಗೆ ಲಾಳದ ಉಪಚಾರ! ಬ್ರಿಟಿಷ್ ನೌಕಾಪಡೆಯ ಉಪ್ಪುಮಾಂಸದ ಪೀಪಾಯಿಗಳನ್ನು ತುಂಬಿದ್ದರಲ್ಲಿ ಈ ಮೂಕ ಪ್ರಾಣಿಗಳ ಪಾಲೂ ಇತ್ತು. 1884ರಲ್ಲಿ ತಳಿಯ ಸಂಘ ಸ್ಥಾಪನೆಯಾಗಿ, ಮರುವರ್ಷ ವಂಶಾವಳಿಯ ಮೊದಲ ಗ್ರಂಥ ಹೊರಬಂದಿತು.

ಮಗಳ ನೆರೆಮನೆಯವರ ಬಂಧುವೊಬ್ಬರು ಉತ್ತರದ ಗುಡ್ಡಗಳಲ್ಲಿ ಇಂತಹ ಇಪ್ಪತ್ತರಷ್ಟು ದನಗಳನ್ನು ಸಾಕಿಕೊಂಡಿದ್ದರು. ಒಂದು ಭಾನುವಾರ ನಮ್ಮನ್ನು ಕರೆದೊಯ್ದರು. ಎಪ್ಪತ್ತು ದಾಟಿದ ಸಜ್ಜನರು. ಪ್ರತಿಯೊಂದಕ್ಕೂ ಹೆಸರಿಟ್ಟಿದ್ದರು, ನಮ್ಮೆದುರಿಗೇ ಒಂದು ಮುದಿ ಹಸುವಿನ ಕೂದಲನ್ನು ಬಾಚಿದರು. ಹೆಣ್ಣುಗಳು ಹದಿನೈದು ವರ್ಷ ದಾಟಿದರೂ ಕರು ಹಾಕುತ್ತವೆ, ಗಂಡುಗಳನ್ನು ಮಾತ್ರ ಎರಡೂವರೆ ಮೂರು ವರ್ಷಕ್ಕೆ ಕಳುಹಿಸುತ್ತೇನೆ ಎಂದರು. ನಾನು ಮೌನವಾಗಿದ್ದುದನ್ನು ಕಂಡು ಅವರೇ ಕೇಳಿದರು: ನಿಮ್ಮಂತೆ ಎಲ್ಲರೂ ಮಾಂಸ ಬಿಟ್ಟರೆ ಇವುಗಳನ್ನು ಯಾರು ಸಾಕುತ್ತಾರೆ? ಈ ತಳಿಯೇ ಅಳಿಯುವುದಿಲ್ಲವೇ? ಅದು ನಿಮಗೆ ಹಿಂಸೆಯಲ್ಲವೇ?

ಪ್ರಶ್ನೆ ಕುಹಕದ್ದಲ್ಲ. ಆ ಕ್ಷಣದಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳಬಲ್ಲೆ. ತಳಿ ಎಂಬುದು ಗ್ರಂಥದಲ್ಲಿ ಬರೆದಿಟ್ಟ ಹೆಸರು, ಅದಕ್ಕೆ ಇಂದ್ರಿಯಗಳಿಲ್ಲ. ನೋಯುವುದು, ಬೆದರುವುದು, ಕರುವನ್ನು ಕೂಗುವುದು ಎದುರಿಗೆ ನಿಂತ ಒಂದೊಂದು ಪಂಚೇಂದ್ರಿಯ ಜೀವ. ತಾನು ಹುಟ್ಟಿಸಿದೆನೆಂಬ ಕಾರಣಕ್ಕೆ ಕೊಲ್ಲುವ ಅಧಿಕಾರ ಯಾರಿಗೂ ಬರುವುದಿಲ್ಲ. ಆಗುವ ನಷ್ಟವನ್ನು ಮುಚ್ಚಿಡಬೇಕಾಗಿಯೂ ಇಲ್ಲ: ಎಲ್ಲರೂ ಮಾಂಸ ಬಿಟ್ಟರೆ ಈ ಹಿಂಡುಗಳು ಬಹಳ ಕಿರಿದಾಗುತ್ತವೆ. ಕೆಲವೆಡೆ ಪೊದೆಹುಲ್ಲನ್ನು ಮೇಯಿಸಿ ಕಾಡುಹೂಗಳಿಗೆ ಎಡೆಮಾಡಿಕೊಡಲು ಈ ದನಗಳನ್ನು ಬಿಡುತ್ತಾರೆ; ಉಳಿದರೆ ಅಂತಹ ಕೆಲವು ಉಳಿದಾವು. ಆದರೆ ಕೊನೆಯ ಹಸು ಮುಪ್ಪಿನಿಂದ ಹುಲ್ಲಿನ ಮೇಲೆ ಸಾಯುವುದಾದರೆ ಅದನ್ನು ದುಃಖವೆನ್ನುತ್ತೇನೆ, ಹಿಂಸೆಯೆನ್ನಲಾರೆ.

ಅವರ ಎರಡನೆಯ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ. ಚಹಾಕ್ಕೆ ಹಾಲು ಹಾಕುತ್ತ, ನೀವು ಹಾಲು ಕುಡಿಯುತ್ತೀರಲ್ಲ, ನಿಮ್ಮೂರಿನಲ್ಲಿ ಗಂಡುಕರುಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರು. ಕುತೂಹಲವಷ್ಟೆ. ನಾನು, ಮೊದಲು ಉಳುಮೆಗೆ ಹೋಗುತ್ತಿದ್ದವು ಎಂದೆ. ಅದು ಸುಳ್ಳಲ್ಲ. ಸತ್ಯದ ಅರ್ಧ.

ನಮ್ಮ ಮನೆಯಲ್ಲಿ ಗಿಡ್ಡ ತಳಿಯ ಹಸುಗಳಿದ್ದ ಕಾಲದಲ್ಲಿ ಗಂಡುಕರು ಗದ್ದೆಯ ಎತ್ತಾಗುತ್ತಿತ್ತು. ಟಿಲ್ಲರ್ ಬಂದಿತು, 1988ರಲ್ಲಿ ಸಾಲ ತೆಗೆದು ಮಿಶ್ರತಳಿಯ ಹಸುವನ್ನು ಕಟ್ಟಿದೆವು. ಅದು ಆರು ವರ್ಷಗಳಲ್ಲಿ ಮೂರು ಗಂಡುಕರು ಹಾಕಿತು. ಹಾಲು ಅಳೆದು ಮಾರುವ ಮನೆಯಲ್ಲಿ ಅವುಗಳ ಹೊಟ್ಟೆಗೆ ಸಿಕ್ಕಿದ್ದು ಎಷ್ಟೆಂದು ಹೇಳಲು ನಾಚಿಕೆಯಾಗುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧವೆಂದು ಪಾಠಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದವನು ನಾನೇ. ಮೂರನ್ನೂ ದಲ್ಲಾಳಿಯೊಬ್ಬನು ಒಯ್ದನು. ಘಟ್ಟದ ಮೇಲೆ ರೈತರಿಗೆ ಕೊಡುತ್ತೇನೆಂದನು. ನಾವು ಯಾವ ರೈತರೆಂದು ಕೇಳಲಿಲ್ಲ. ಅಮ್ಮ ಪ್ರತಿಸಲವೂ ಕರುವಿನ ಹಣೆಗೆ ಅರಿಸಿನ ಹಚ್ಚಿ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರಿಗೆ ಗೊತ್ತಿತ್ತು.

ಆ ಸ್ಕಾಟ್ಲೆಂಡಿನ ಮುದುಕರದ್ದು ಸಂಕಲ್ಪೀ ಹಿಂಸೆ, ಸಂದೇಹವಿಲ್ಲ. ಆದರೆ ಅವರು ತಮ್ಮ ಗಂಡುಕರು ಎಲ್ಲಿಗೆ ಹೋಗುತ್ತದೆಂದು ಬಲ್ಲರು, ಕೇಳಿದವರಿಗೆ ಹೇಳುತ್ತಾರೆ. ನಾವು ಕೃತವನ್ನು ತಪ್ಪಿಸಿಕೊಂಡೆವು. ಕಾರಿತ, ಅನುಮೋದನೆಗಳನ್ನು ದಲ್ಲಾಳಿಯ ಕೈಗೆ ಕೊಟ್ಟು ಅವನು ತೆತ್ತ ಹಣವನ್ನು ತೆಗೆದುಕೊಂಡೆವು.

ಊರಿಗೆ ಮರಳಿದ ಮೇಲೆ ಬಸದಿಯ ಆಡಳಿತ ಸಮಿತಿಯ ಸಭೆಯಲ್ಲಿ ಒಂದು ವಿಷಯವೆತ್ತಿದೆ. ಕ್ಷೀರಾಭಿಷೇಕಕ್ಕೆ ಬರುವ ಹಾಲು ಯಾವ ಕೊಟ್ಟಿಗೆಯದು, ಅಲ್ಲಿಯ ಗಂಡುಕರುಗಳ ಗತಿಯೇನು ಎಂದು ವಿಚಾರಿಸಬೇಕು. ಒಂದೆರಡು ಕರುಗಳನ್ನಾದರೂ ಬಸದಿಯ ವೆಚ್ಚದಲ್ಲಿ ಕೊನೆಯವರೆಗೆ ಸಾಕಬೇಕು ಎಂದೆ. ಹುಲ್ಲಿನ ಬೆಲೆ, ಆಳಿನ ಸಂಬಳ, ಜಾಗದ ಮಾತುಗಳು ಬಂದವು. ಯಾರೂ ನಗಲಿಲ್ಲ. ಮೊಕ್ತೇಸರರು ಬಹಳ ಹೊತ್ತು ಸುಮ್ಮನಿದ್ದು, “ಮಾಷ್ಟ್ರೇ, ನೀವು ಹೇಳುವುದು ಸರಿ. ಆದರೆ ಈಗ ನಾವು ತರುವುದು ಪ್ಯಾಕೆಟ್ ಹಾಲಲ್ಲವೇ? ಯಾವ ಕೊಟ್ಟಿಗೆಯೆಂದು ಯಾರನ್ನು ಕೇಳೋಣ?” ಎಂದರು.

ವಿಷಯವನ್ನು ಮುಂದಿನ ಸಭೆಗೆ ಇಟ್ಟುಕೊಂಡಿದ್ದೇವೆ.