ಚಾರ್ಮಾಡಿ ಇಳಿಯುವ ಮುನ್ನ

ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆಯ ದಾರಿಯಾಗಿ ಕರಾವಳಿಗೆ ಬರುವವರಿಗೆ ಕೊಟ್ಟಿಗೆಹಾರದ ನೀರುದೋಸೆಯ ಪರಿಚಯ ಇದ್ದೇ ಇರುತ್ತದೆ. ಮಂಜು ಕವಿದ ಆ ಪುಟ್ಟ ಪೇಟೆಯಲ್ಲಿ ಕಾರುಗಳು ಸಾಲಾಗಿ ನಿಲ್ಲುತ್ತವೆ. ಮಕ್ಕಳಿಗೆ ಸ್ವೆಟರ್ ತೊಡಿಸಿ, ಫ್ಲಾಸ್ಕಿಗೆ ಚಹಾ ತುಂಬಿಸಿಕೊಂಡು ನೀವು ಮತ್ತೆ ಕಾರು ಹತ್ತುತ್ತೀರಿ. ಅಲ್ಲಿಂದ ಮುಂದೆ ಚಾರ್ಮಾಡಿ ಘಾಟಿ. ಒಂದು ಕಡೆ ನೀರು ಸುರಿಯುವ ಬಂಡೆ, ಇನ್ನೊಂದು ಕಡೆ ತಳ ಕಾಣದ ಕಣಿವೆ. 2019ರ ಆಗಸ್ಟ್ ಮಳೆಗೆ ಇಲ್ಲಿ ಗುಡ್ಡ ಜರಿದು ಸಂಚಾರವೇ ನಿಂತುಹೋದದ್ದು ನಿಮಗೆ ನೆನಪಿರಬಹುದು.

ಈ ಇಳಿಜಾರಿನಲ್ಲಿ ನಿಮ್ಮನ್ನೂ ಮಕ್ಕಳನ್ನೂ ಹಿಡಿದು ನಿಲ್ಲಿಸುವುದು ಯಾವುದೆಂದು ಎಂದಾದರೂ ಯೋಚಿಸಿದ್ದೀರಾ? ಮುಂದಿನ ಎರಡು ಚಕ್ರಗಳ ಒಳಗೆ ಊಟದ ತಟ್ಟೆಯಷ್ಟು ಅಗಲದ ಎರಡು ಬೀಡಿನ ಬಿಲ್ಲೆಗಳಿರುತ್ತವೆ. ಮೆಕ್ಯಾನಿಕ್‌ಗಳು ಅದಕ್ಕೆ ಡಿಸ್ಕ್ ಎನ್ನುತ್ತಾರೆ. ಬ್ರೇಕ್ ಒತ್ತಿದಾಗ ಎರಡು ಪ್ಯಾಡುಗಳು ಈ ಬಿಲ್ಲೆಯನ್ನು ಇಕ್ಕಳದಂತೆ ಹಿಡಿಯುತ್ತವೆ. ಹಿಡಿದಷ್ಟೂ ಅದು ಕಾಯುತ್ತದೆ.

ದೋಸೆ ಹುಯ್ಯುವವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಪ್ಪನೆಯ ಬೀಡಿನ ಕಾವಲಿ ನಿಧಾನವಾಗಿ ಕಾಯುತ್ತದೆ, ತೆಳು ಕಾವಲಿ ಕ್ಷಣದಲ್ಲಿ ಕಾದು ದೋಸೆಯನ್ನು ಸೀಯಿಸುತ್ತದೆ. ಡಿಸ್ಕ್ ಕೂಡಾ ಹಾಗೆಯೇ. 1,200 ಕಿಲೋ ತೂಕದ ಕಾರು ಕೇವಲ ಬ್ರೇಕ್ ಒತ್ತಿಕೊಂಡೇ 100 ಮೀಟರ್ ಎತ್ತರ ಇಳಿದರೆ, ಆಗ ಹುಟ್ಟುವ ಶಾಖದಲ್ಲಿ ಮೂರು ಲೀಟರ್ ತಣ್ಣೀರನ್ನು ಕುದಿಸಬಹುದು. ಘಾಟಿ 100 ಮೀಟರಿಗೆ ಮುಗಿಯುವುದಿಲ್ಲವಲ್ಲ!

ಡಿಸ್ಕ್ ಸವೆದಾಗ ಬದಲಾಯಿಸಲೇಬೇಕು. ಶೋರೂಮಿನ ಬೆಲೆ ಕೇಳಿ ಬೆಚ್ಚಿದವರು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುತ್ತಾರೆ. ಟೌನ್‌ಹಾಲ್ ಕಡೆಯಿಂದ ರವೀಂದ್ರ ಕಲಾಕ್ಷೇತ್ರ ದಾಟಿ ಮಿನರ್ವ ವೃತ್ತದತ್ತ ನಡೆದರೆ ಬಿಡಿಭಾಗಗಳ ಅಂಗಡಿಗಳೇ ಅಂಗಡಿಗಳು. ಒಳಗೆ ಹೋಗಿ ಕಾರಿನ ಹೆಸರು ಹೇಳಿದರೆ ಸಾಕು, "ಕಂಪೆನಿಯದ್ದೇ ಬೇಕಾ, ಬೇರೆ ಮೇಕ್ ಆಗ್ತದಾ?" ಎಂಬ ಪ್ರಶ್ನೆ ಬರುತ್ತದೆ. ಬೇರೆ ಮೇಕ್ ಎಂದರೆ ಎಲ್ಲವೂ ಕಳಪೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1962ರಲ್ಲಿ ಸ್ಥಾಪನೆಯಾದ ಬ್ರೇಕ್ಸ್ ಇಂಡಿಯಾದಂತಹ ತಯಾರಕರು ಕಾರು ಕಂಪೆನಿಗಳಿಗೂ ಬ್ರೇಕ್ ಒದಗಿಸುತ್ತಾರೆ, ಮಾರುಕಟ್ಟೆಗೂ ಮಾರುತ್ತಾರೆ. ಭಯವಿರುವುದು ಡಬ್ಬದ ಮೇಲೆ ಊರು, ಹೆಸರು ಏನೂ ಇಲ್ಲದ ಮಾಲಿನ ಬಗ್ಗೆ.

ಈ ದಾರಿಯಲ್ಲಿ ಓಡಾಡುವವರ ಅನುಭವಗಳು ಒಂದೇ ರೀತಿ ಇಲ್ಲ. ಉಜಿರೆ ಕಡೆಯ ಟ್ಯಾಕ್ಸಿಯವರೊಬ್ಬರು ಹೆಸರುವಾಸಿ ತಯಾರಕರ ಡಿಸ್ಕನ್ನೇ ಎರಡನೇ ಬಾರಿ ಹಾಕಿಸಿದ್ದಾರೆ, ಅವರಿಗೆ ಯಾವ ದೂರೂ ಇಲ್ಲ. ನನ್ನ ಪರಿಚಯದ ಅಧ್ಯಾಪಕರೊಬ್ಬರು ಅಗ್ಗದ್ದು ಕೊಂಡರು. ಎರಡು ಸಲ ಘಾಟಿ ಇಳಿಯುವಷ್ಟರಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಸ್ಟೇರಿಂಗ್ ನಡುಗತೊಡಗಿತು. "ಡಿಸ್ಕ್ ಬೆಂಡ್ ಆಗಿದೆ" ಎಂದರು ಗ್ಯಾರೇಜಿನವರು. ನಾವೆಲ್ಲ ಕೇಳುವ ಮಾತೇ ಇದು. ಆದರೆ ಹೆಚ್ಚಿನ ಸಲ ಡಿಸ್ಕ್ ಬಾಗಿರುವುದಿಲ್ಲ, ಅದರ ದಪ್ಪ ಒಂದೊಂದು ಕಡೆ ಒಂದೊಂದು ರೀತಿ ಆಗಿರುತ್ತದೆ. ಬಿಚ್ಚಿ ನೋಡಿದರೆ ಡಿಸ್ಕ್ ಕೂರುವ ಹಬ್‌ನ ಮೇಲೆ ತುಕ್ಕಿನ ಪದರ ಹಾಗೆಯೇ ಇತ್ತು. ಅದನ್ನು ಉಜ್ಜದೆ ಹೊಸದನ್ನು ಕೂರಿಸಿದ್ದರು. ಓರೆಯಾಗಿ ಕೂತ ಡಿಸ್ಕ್ ತಿರುಗುವಾಗ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗಿ ಸವೆಯುತ್ತದೆ. ಕರಾವಳಿಯ ಉಪ್ಪುಗಾಳಿಗೆ, ಮಳೆಗೆ ಈ ತುಕ್ಕು ನಮ್ಮಲ್ಲಿ ಇನ್ನೂ ಜಾಸ್ತಿ. ಲೇತಿನಲ್ಲಿ ಸಮ ಮಾಡಿಸೋಣವೆಂದರೆ ಲೇತಿನವರು ಒಪ್ಪಲಿಲ್ಲ. ಒಳ್ಳೆಯ ಡಿಸ್ಕಿನ ಮೇಲೆ ಎಷ್ಟು ಮಿಲಿಮೀಟರಿನವರೆಗೆ ಸವೆಯಬಹುದು ಎಂಬ ಅಂಕಿ ಕೊರೆದಿರುತ್ತದೆ, ಇದರಲ್ಲಿ ಅದೂ ಇರಲಿಲ್ಲ. ಕೊನೆಗೆ ಇನ್ನೊಂದು ಜೊತೆ ಕೊಂಡರು. ಉಳಿತಾಯದ ಲೆಕ್ಕ ನೀವೇ ಹಾಕಿ.

ಕಕ್ಕಿಂಜೆಯ ಸಹೋದರಿಯೊಬ್ಬರ ಅನುಭವ ಮಾತ್ರ ಬೇರೆ. ಡಿಸ್ಕ್ ಹೊಸದು, ಪ್ಯಾಡ್ ಹೊಸದು. ಯಜಮಾನರು ಮೇಲಿನ ಗೇರಿನಲ್ಲಿ ಕಾರು ಬಿಟ್ಟು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುತ್ತಿದ್ದರು. ಸುಟ್ಟ ವಾಸನೆ ಮೊದಲು ಬಂದದ್ದು ಆಕೆಗೆ. "ಮಕ್ಕಳಿಗೆ ವಾಂತಿ ಬರ್ತಾ ಉಂಟು, ನಿಲ್ಲಿಸಿ" ಎಂದು ಉಪಾಯವಾಗಿ ನಿಲ್ಲಿಸಿದರಂತೆ. ಅಷ್ಟರಲ್ಲಿ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿತ್ತು. ಬ್ರೇಕ್ ಆಯಿಲ್ ವರ್ಷಗಳಿಂದ ಬದಲಾಯಿಸಿರಲಿಲ್ಲ. ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯದ್ದು ಹೊಸದಿರುವಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಕೊಳವೆಯಲ್ಲಿ ಗುಳ್ಳೆ ತುಂಬಿ ಪೆಡಲ್ ಪೊಳ್ಳಾಗುತ್ತದೆ. ಆಗ ಡಿಸ್ಕ್ ಯಾವ ಮೇಕಿನದ್ದಾದರೇನು?

ಕಾರಿನ ವಿಷಯ ಗಂಡಸರದ್ದು ಎಂದು ನೀವು ಸುಮ್ಮನಿರಬೇಡಿ. ಗ್ಯಾರೇಜಿನಲ್ಲಿ ಕಾಯುವಾಗ ಹಬ್‌ನ ತುಕ್ಕು ಉಜ್ಜಿದಿರಾ ಎಂದು ಕೇಳಿ. ಒಂದು ಬದಿಯದ್ದನ್ನು ಮಾತ್ರ ಬದಲಾಯಿಸಲು ಬಿಡಬೇಡಿ, ಎರಡೂ ಒಟ್ಟಿಗೆ ಆಗಬೇಕು, ಹೊಸ ಪ್ಯಾಡಿನ ಸಹಿತ. ಮನೆಯ ಹುಡುಗರು ಶೋಕಿಗೆಂದು ತೂತು ಕೊರೆದ ಡಿಸ್ಕ್ ಬೇಕೆಂದರೆ, ಮತ್ತೆ ಮತ್ತೆ ಕಾದಾಗ ಆ ತೂತುಗಳ ಅಂಚಿನಿಂದಲೇ ಬಿರುಕು ಬಿಡುವುದುಂಟು ಎಂದು ತಿಳಿಸಿ.

ಹೊಸದಾಗಿ ಹಾಕಿಸಿದ ಮರುದಿನವೇ ಘಾಟಿಗೆ ಹೊರಡುವುದು ಬೇಡ. ಪ್ಯಾಡೂ ಡಿಸ್ಕೂ ಒಂದಕ್ಕೊಂದು ಹೊಂದಿಕೊಳ್ಳಲು ಕೆಲವು ದಿನ ಸಮತಟ್ಟಿನ ರಸ್ತೆಯಲ್ಲಿ ಹದವಾಗಿ ಬ್ರೇಕ್ ಹಾಕುತ್ತಾ ಓಡಿಸಬೇಕು. ಇಳಿಯುವಾಗ ಎರಡನೇ ಗೇರು, ತೀರಾ ಕಡಿದಾದಲ್ಲಿ ಒಂದನೆಯದು. ಹಳೆಯ ಲಾರಿ ಚಾಲಕರು ಹತ್ತಿದ ಗೇರಿನಲ್ಲೇ ಇಳಿ ಎನ್ನುತ್ತಿದ್ದರು. ಅಣ್ಣಪ್ಪ ಸ್ವಾಮಿ ಗುಡಿಯ ಬಳಿ ಎಷ್ಟೋ ಚಾಲಕರು ಗಾಡಿ ನಿಲ್ಲಿಸುತ್ತಾರೆ, ಅಷ್ಟು ಹೊತ್ತು ಬ್ರೇಕಿಗೂ ವಿಶ್ರಾಂತಿ. ಎಲ್ಲಿಯಾದರೂ ಚಕ್ರದಿಂದ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಗಾಳಿಯಲ್ಲೇ ಆರಲು ಬಿಡಿ. ಪಕ್ಕದಲ್ಲಿ ಝರಿ ಹರಿಯುತ್ತಿದೆಯೆಂದು ಬಾಟಲಿ ತುಂಬಿ ತಂದು ಚಕ್ರಕ್ಕೆ ಸುರಿಯಬೇಡಿ. ಕೆಂಪಗೆ ಕಾದ ಬೀಡಿನ ಕಾವಲಿಗೆ ತಣ್ಣೀರು ಬಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತು.