ಅಳಿವೆಯ ಆರೋಗ್ಯ ಅಳೆಯುವುದು ಹೇಗೆ?

ಮಂಗಳೂರಿನ ಬೋಳೂರಿನಲ್ಲಿ ಕಪ್ಪು ಕಲ್ಲಿನ ಕಾವಲು ಬುರುಜೊಂದಿದೆ. 1784ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಸುಲ್ತಾನ್ ಬತ್ತೇರಿ ಅದು. ಮೇಲೆ ನಿಂತರೆ ಕೆಳಗೆ ಗುರುಪುರ ನದಿ, ಆಚೆ ದಡದಲ್ಲಿ ತಣ್ಣೀರುಬಾವಿ, ಅದರಾಚೆ ಅರಬ್ಬಿ ಸಮುದ್ರ. ಕಡಲು ಇಷ್ಟು ಹತ್ತಿರವಿದ್ದರೂ ನದಿ ಇಲ್ಲಿ ಅದನ್ನು ಸೇರುವುದಿಲ್ಲ. ಕೂಳೂರಿನ ಬಳಿ ದಕ್ಷಿಣಕ್ಕೆ ತಿರುಗಿ, ಮರಳದಿಬ್ಬದ ಹಿಂದೆಯೇ ಹರಿದು, ನೇತ್ರಾವತಿಯೊಡನೆ ಕೂಡಿ, ಬೆಂಗ್ರೆ ಮತ್ತು ಉಳ್ಳಾಲದ ನಡುವಿನ ಅಳಿವೆಯಲ್ಲಿ ಕಡಲಿಗಿಳಿಯುತ್ತದೆ.

ಸಿಹಿನೀರು, ಉಪ್ಪುನೀರು ಬೆರೆಯುವ ಈ ಜಾಗ ಮೀನು, ಸೀಗಡಿ ಮರಿಗಳಿಗೆ ತೊಟ್ಟಿಲು. ಮರುವಾಯಿ ಹೆಕ್ಕುವವರಿಗೆ, ಬಲೆ ಬೀಸುವವರಿಗೆ ಅನ್ನದ ಬಟ್ಟಲು. ಆದರೆ ಇಲ್ಲಿಗೆ ಇನ್ನೊಂದು ನೀರೂ ಬರುತ್ತದೆ. ಅದು ಊರಿನ ಮಳೆನೀರು.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಗದ್ದೆ, ತೋಟಗಳಿದ್ದಲ್ಲಿ ನೀರು ಇಂಗಿ ಬಾವಿ ಸೇರುತ್ತದೆ. ತಾರಸಿ, ಕಾಂಕ್ರೀಟು ರಸ್ತೆಗಳ ಮೇಲೆ ಬಿದ್ದ ಮಳೆ ಇಂಗದೆ ತೋಡಿಗೆ, ರಾಜಕಾಲುವೆಗೆ ನುಗ್ಗುತ್ತದೆ. ಕಾಲುವೆ ಸಾಲದಿದ್ದರೆ ಏನಾಗುತ್ತದೆಂದು 2018ರ ಮೇ 29ರ ಮಹಾಮಳೆ ನಗರಕ್ಕೆ ತೋರಿಸಿತು. ಅಳಿವೆಗಾಗುವ ಪೆಟ್ಟು ಮಾತ್ರ ಹಾಗೆ ಕಣ್ಣಿಗೆ ಕಾಣದು. ಬೇಸಗೆಯಿಡೀ ರಸ್ತೆಯಲ್ಲಿ ಕೂತ ಎಣ್ಣೆ, ಟೈರಿನ ಪುಡಿ, ಅದರೊಳಗಿನ ಸತು, ಪ್ಲಾಸ್ಟಿಕ್, ಚರಂಡಿಯ ಕೊಳಕು, ಎಲ್ಲವನ್ನೂ ಮೊದಲ ಮಳೆ ಒಮ್ಮೆಗೇ ತೊಳೆದು ತರುತ್ತದೆ.

ಹಾಗಾದರೆ ಅಳಿವೆ ಆರೋಗ್ಯವಾಗಿದೆಯೇ ಎಂದು ತಿಳಿಯುವುದು ಹೇಗೆ? ನೀರಿನ ಬಣ್ಣ ನೋಡಿ ಹೇಳಲಾಗದು. ಜುಲೈಯಲ್ಲಿ ನದಿ ಕೆಂಪಾಗುವುದು ಘಟ್ಟದ, ಗುಡ್ಡದ ಮಣ್ಣಿನಿಂದ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಮಳೆಗಾಲದಲ್ಲಿ ಅಳಿವೆಯ ಮೇಲ್ನೀರು ಬಹುತೇಕ ಸಪ್ಪೆ. ಇವೆರಡೂ ರೋಗವಲ್ಲ, ಋತುಧರ್ಮ. ಆದ್ದರಿಂದ ಜನವರಿಯ ಲೆಕ್ಕವನ್ನು ಜುಲೈಯ ಲೆಕ್ಕಕ್ಕೆ ಹೋಲಿಸಬಾರದು. ಅದೇ ತಿಂಗಳು, ಅದೇ ಉಬ್ಬರ ಅಥವಾ ಇಳಿತದ ಹೊತ್ತು, ಕಾಲುವೆಯ ಬಾಯಲ್ಲೊಂದು ಮಾದರಿ, ಕಾಲುವೆಯ ಪ್ರಭಾವವಿಲ್ಲದ ದೂರದ ಜಾಗದಲ್ಲೊಂದು ಮಾದರಿ. ಎರಡರ ವ್ಯತ್ಯಾಸದಲ್ಲೇ ಉತ್ತರವಿದೆ.

ಮುಖ್ಯವಾಗಿ ನೋಡಬೇಕಾದುದು ನೀರಿನಲ್ಲಿ ಕರಗಿದ ಆಮ್ಲಜನಕ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಮೀನುಗಳಿಗೆ ನೆಮ್ಮದಿ. 2ಕ್ಕಿಂತ ಕೆಳಗಿಳಿದರೆ ಉಸಿರುಗಟ್ಟುತ್ತದೆ. ಕೊಳೆಯುವ ವಸ್ತು ಹೆಚ್ಚಿದಷ್ಟೂ ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಮುಗಿಸುತ್ತವೆ. ತಿಳಿಯನ್ನು ಅಳೆಯಲು ಇಟಲಿಯ ಸೆಕ್ಕಿ 1865ರಲ್ಲಿ ಬಳಸಿದ ಉಪಾಯ ಇಂದಿಗೂ ಉಂಟು. ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಅದು ಎಷ್ಟು ಆಳದಲ್ಲಿ ಕಣ್ಮರೆಯಾಯಿತೆಂದು ನೋಡಿದರಾಯಿತು.

ಆದರೆ ನೀರು ಆ ದಿನದ ಸಾಕ್ಷಿ ಮಾತ್ರ. ಮರುದಿನ ಅದು ಕಡಲಲ್ಲಿರುತ್ತದೆ. ವರ್ಷಗಳ ಸಾಕ್ಷಿ ತಳದ ಕೆಸರು. ಸತು, ತಾಮ್ರ, ಸೀಸ ಅಲ್ಲಿ ನೆಲೆಯೂರುತ್ತವೆ. ಮೀನು ಈಜಿ ಪಾರಾದೀತು. ಕೆಸರಿನಲ್ಲಿ ಹುದುಗಿದ ಮರುವಾಯಿಗೆ ಆ ದಾರಿಯಿಲ್ಲ. ಅದು ನೀರನ್ನು ಸೋಸಿಯೇ ಬದುಕಬೇಕು, ನೀರಿನಲ್ಲಿದ್ದುದು ಅದರ ಮೈಯಲ್ಲೂ ಸೇರುತ್ತದೆ. ಒಂದು ಹಿಡಿ ಕೆಸರಿನಲ್ಲಿ ಬಗೆಬಗೆಯ ಚಿಪ್ಪು, ಏಡಿ, ಹುಳುಗಳಿದ್ದರೆ ತಳ ಜೀವಂತ. ಕ್ಯಾಪಿಟೆಲ್ಲ ಎಂಬ ತೆಳು ಕೆಂಪು ಹುಳುವೊಂದೇ ರಾಶಿ ರಾಶಿಯಾಗಿ ಉಳಿದಿದ್ದರೆ, ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಅಪಾಯ ಹತ್ತಿರ ಬಂದಿದೆ.

ಮದ್ದು ಅಳಿವೆಯಲ್ಲಿಲ್ಲ, ಊರಿನಲ್ಲಿದೆ. ಮಳೆಗೆ ಮೊದಲೇ ತೋಡುಗಳ ಕಸ ತೆಗೆಯಬೇಕು, ಚರಂಡಿಯ ನೀರು ಮಳೆಕಾಲುವೆಗೆ ಸೇರದಂತೆ ತಡೆಯಬೇಕು, ಅಂಗಳದಲ್ಲಿ ನೀರಿಂಗಲು ಜಾಗ ಉಳಿಸಬೇಕು, ದಡದ ಕಾಂಡ್ಲಾ ಗಿಡಗಳನ್ನು ಕಡಿಯದೆ ಬಿಡಬೇಕು. ಈ ಜೂನ್‌ನಲ್ಲಿ ಮೊದಲ ಮಳೆ ಬಿದ್ದಾಗ ಮಕ್ಕಳು ಮನೆಯ ಮುಂದಿನ ಚರಂಡಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಒಂದು ಗಂಟೆ ಅಲುಗಿಸದೆ ಇಟ್ಟು, ತಳಕ್ಕೆ ಏನು ಕೂತಿತೆಂದು ತಂದೆತಾಯಿಗೂ ತೋರಿಸಲಿ. ಅಳಿವೆಯ ತಳಕ್ಕೆ ಹೋಗಿ ಕೂರುವುದೂ ಅದೇ.